ಪದ ಬೇಕಿದೆ: ಬರ್ಲಿನ್ನಿನ ‘ಮೆರ್ಟ್ಸ್‌ಗೆಫಾಲನೆ’ ಸ್ಮಶಾನಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪ್ರವಾಸ ಲೇಖನದ ಫೋಟೋಗೆ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಪುಟ ಅಚ್ಚಿಗೆ ಹೋಗುತ್ತದೆ, ಅದಕ್ಕೇ ಅವಸರ.

ಬರ್ಲಿನ್ನಿನ ಫ್ರೀಡ್ರಿಷ್ಸ್‌ಹೈನ್ ಪಾರ್ಕಿನಲ್ಲಿ ಒಂದು ಪುಟ್ಟ ಸ್ಮಶಾನ ಇದೆ. ‘ಫ್ರೀಡ್‌ಹೋಫ್ ದೆರ್ ಮೆರ್ಟ್ಸ್‌ಗೆಫಾಲನೆನ್’ ಅಂತ ಹೆಸರು. 1848ರ ಮಾರ್ಚ್ 18ರಂದು ಬೀದಿ ಬೀದಿಗೆ ಅಡ್ಡಗಟ್ಟೆ ಹಾಕಿ ರಾಜನ ಸೈನ್ಯದ ಎದುರು ಕಾದಾಡಿ ಸತ್ತವರು ಅಲ್ಲಿದ್ದಾರೆ. ಮಾರನೇ ದಿನ ಜನ ಹೆಣಗಳನ್ನು ಅರಮನೆ ಅಂಗಳಕ್ಕೇ ಹೊತ್ತು ತಂದು, ಕೂಗಿ ರಾಜನ ತಲೆ ಮೇಲಿನ ಟೋಪಿ ತೆಗೆಸಿದರಂತೆ. 22ನೇ ತಾರೀಖು 183 ಶವಪೆಟ್ಟಿಗೆಗಳ ಮೆರವಣಿಗೆ. 1918ರ ಕ್ರಾಂತಿಯಲ್ಲಿ ಸತ್ತ ಕೆಲವರನ್ನೂ ಆಮೇಲೆ ಅಲ್ಲೇ ಮಣ್ಣು ಮಾಡಿದರು.

‘ಮಾರ್ಚ್ ಹುತಾತ್ಮರ ಸ್ಮಶಾನ’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಯಾಕೋ ಒಗ್ಗುತ್ತಿಲ್ಲ. ‘ಮೆರ್ಟ್ಸ್’ ಅಂದರೆ ಮಾರ್ಚ್, ‘ಗೆಫಾಲನ್’ ಅಂದರೆ ಬಿದ್ದವರು, ಕಾಳಗದಲ್ಲಿ ಸತ್ತವರು. ರಾತ್ರಿ ಹತ್ತರೊಳಗೆ ಯಾರಾದರೂ ಹೇಳ್ತೀರಾ?

———
ಮರು:

‘ಸ್ಮಶಾನ’ ತಪ್ಪು. ಅದು ಸುಡುವ ಜಾಗ. ಜರ್ಮನ್ನಿನಲ್ಲಿ ‘ಫ್ರೀಡ್’ ಎಂದರೆ ಶಾಂತಿ, ‘ಹೋಫ್’ ಎಂದರೆ ಅಂಗಳ. ‘ಶಾಂತಿಧಾಮ’ ಎನ್ನಿ. ಮಾರ್ಚ್ ಯಾಕೆ, ಫಾಲ್ಗುಣ ಇಲ್ಲವೇ? ‘ಫಾಲ್ಗುಣ ಹುತಾತ್ಮರ ಶಾಂತಿಧಾಮ’. ತೂಕ ಇದೆ.

———
ಮರು: ಮರು:

ಮೇಷ್ಟ್ರೇ, ಶಾಂತಿಧಾಮ ಅಂದರೆ ವೃದ್ಧಾಶ್ರಮದ ಬೋರ್ಡು ಕಣ್ಣಿಗೆ ಬರುತ್ತೆ.

‘ಫ್ರೀಡ್’ ಇಲ್ಲಿ ಶಾಂತಿಯಲ್ಲ. ಹಳೇ ಜರ್ಮನ್ನಿನಲ್ಲಿ ಆ ಪದ ‘ಫ್ರೀಟ್‌ಹೋಫ್’. ಸುತ್ತ ಬೇಲಿ ಕಟ್ಟಿ ಕಾಪಾಡಿದ ಅಂಗಳ, ಅದರಲ್ಲೂ ಚರ್ಚಿನ ಅಂಗಳ. ಶಾಂತಿ ಆಮೇಲೆ ಜನ ಅಂಟಿಸಿದ ಅರ್ಥ. ನಮಗೆ ‘ಮಸಣ’ ಇದೆ. ಅದು ಸ್ಮಶಾನದ ತದ್ಭವ ಅಂತ ಶುರು ಮಾಡಬೇಡಿ. ಇಷ್ಟು ಕಾಲ ನಮ್ಮ ಬಾಯಲ್ಲಿ ಸವೆದ ಮೇಲೆ ಅದು ನಮ್ಮದೇ.

‘ಹುತಾತ್ಮ’ ಬೇಡವೇ ಬೇಡ. ಹುತ ಅಂದರೆ ಬೆಂಕಿಗೆ ಹಾಕಿದ್ದು. ಬರ್ಲಿನ್ನಿನಲ್ಲಿ ಯಾರೂ ಹೋಮ ಮಾಡಲಿಲ್ಲ, ಗುಂಡು ಹೊಡೆದರು. ನಮ್ಮ ವೀರಗಲ್ಲು ಕಡೆದವರು ‘ಕಾದಿ ಸತ್ತ’ ಅಂತ ನೇರವಾಗಿ ಬರೆದರು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಅಂದರು. ಇಂಥ ಮಾತಿರುವ ಭಾಷೆಗೆ ಹೋಮದ ಹೊಗೆ ಯಾಕೆ?

———
ಮರು: ಮರು: ಮರು:

> ಹುತಾತ್ಮ ಬೇಡವೇ ಬೇಡ

ಹುಟ್ಟಿದಾಗಿನ ಅರ್ಥವೇ ಕೊನೆವರೆಗೂ ಇರಬೇಕು ಅನ್ನುವುದಾದರೆ ‘ಎಣ್ಣೆ’ಯನ್ನು ಎಳ್ಳಿನಿಂದ ಮಾತ್ರ ತೆಗೆಯಬೇಕಾಗುತ್ತದೆ. ಎಳ್ + ನೆಯ್. ಕಡಲೆಕಾಯಿ ಎಣ್ಣೆ ಇವತ್ತಿನಿಂದ ಬಂದ್. ಗ್ರೀಕರ ‘ಮಾರ್ಟರ್’ ಮೂಲದಲ್ಲಿ ಸಾಕ್ಷಿ, ಅರಬ್ಬಿಯ ‘ಶಹೀದ್’ ಕೂಡ ಸಾಕ್ಷಿ. ಅವರನ್ನು ಯಾರಾದರೂ ಕೋರ್ಟಿಗೆ ಕರೆಯುತ್ತಾರಾ? ಒಂದು ಗುರಿಗಾಗಿ ಸತ್ತವನು ಹುತಾತ್ಮ. ಓದುವವರಿಗೆ ಅರ್ಥ ಆಗುತ್ತದೆ, ಮುಗಿಯಿತು.

ಮತ್ತೆ ನಿಮ್ಮ ಪತ್ರದಲ್ಲೇ ‘ಬೋರ್ಡು’ ಇದೆ. ಅದು ಯಾವ ವೀರಗಲ್ಲಿನಲ್ಲಿ ಸಿಕ್ಕಿತು?

———
ಮರು: ಮರು: ಮರು: ಮರು:

ಬೋರ್ಡು ಬಳಕೆಯಲ್ಲಿದೆ, ಬಳಸಿದೆ. ಫಾಲ್ಗುಣದಲ್ಲಿ ಬರ್ಲಿನ್ನಿನಲ್ಲಿ ಸತ್ತವರು ಯಾರೂ ಇಲ್ಲ.

———
ಮರು: ಕಲ್ಲಿನ ಮೇಲೆ ಏನಿದೆ?

ಜಗಳದ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಅಲ್ಲಿಗೆ ಹೋಗಿದ್ದೆ. ಪಾರ್ಕಿನಲ್ಲಿ ಓಡುವವರು ಓಡುತ್ತಿರುತ್ತಾರೆ, ಪಕ್ಕದಲ್ಲೇ ಇದು. ಸಾಧಾರಣ ಎತ್ತರದ ಗೋರಿಗಳು, ಕಲ್ಲಿನ ಮೇಲೆ ಎಲೆ ಉದುರಿತ್ತು. ಒಂದು ಕಡೆ ಅಕ್ಷರ ಕಾಣಲಿಲ್ಲ ಅಂತ ಕೈಯಿಂದ ಎಲೆ ಸರಿಸಿ ಓದಿದೆ. ಕೆಂಪು ನಾವಿಕ ಅಂತ ಕರೆಯುವ ಪ್ರತಿಮೆಯೂ ಇದೆ. ಅದು 1918ರವರ ನೆನಪಿಗೆ 1961ರಲ್ಲಿ ನಿಲ್ಲಿಸಿದ್ದು.

ಮುಖ್ಯ ಕಲ್ಲಿನ ಮೇಲೆ ಇರುವುದು ‘ದೆನ್ ಟೋಟನ್ 1848/1918’. ಅಂದರೆ ‘ಸತ್ತವರಿಗೆ’. ಅಷ್ಟೇ. ವೀರ, ಅಮರ, ಹುತಾತ್ಮ ಯಾವುದೂ ಇಲ್ಲ. ಕೆಳಗಿನ ಸಾಲುಗಳಲ್ಲಿ, ಈ ಸ್ಮಾರಕವನ್ನು ನಿಮಗೆ ನೀವೇ ಕಟ್ಟಿಕೊಂಡಿರಿ ಅನ್ನುವ ಅರ್ಥದ ಮಾತಿದೆ. 1848ರಲ್ಲಿ ಸತ್ತವರಲ್ಲಿ ಜಾಸ್ತಿ ಜನ ಕಸುಬುದಾರರ ಕೈಕೆಳಗೆ ದುಡಿಯುತ್ತಿದ್ದ ಆಳುಗಳು, ಕೂಲಿಗಳು. ಕಲ್ಲೇ ಇಷ್ಟು ಮೆಲ್ಲಗೆ ಮಾತಾಡುವಾಗ ನಾವು ಯಾಕೆ ದೊಡ್ಡ ದನಿ ಮಾಡಬೇಕು?

ಹಾಗಂತ ‘ಬಿದ್ದವರು’ ಅಂತ ಮಾತ್ರ ಹಾಕಬೇಡಿ. ಹಿಟ್ಲರ್ ಗೆದ್ದ ಮೇಲೆ, 1933ರ ಮಾರ್ಚಿನಲ್ಲಿ ಅವನ ಪಕ್ಷ ಸೇರಲು ನುಗ್ಗಿದವರನ್ನು ಹಳಬರು ಇದೇ ಪದದಿಂದ ಗೇಲಿ ಮಾಡುತ್ತಿದ್ದರು: ‘ಮೆರ್ಟ್ಸ್‌ಗೆಫಾಲನೆ’. ಕನ್ನಡದಲ್ಲೂ ಬಿದ್ದವರು ಅಂದರೆ ‘ಯಾರ ಕಾಲಿಗೆ?’ ಅಂತ ಕೇಳುವವರೇ ಜಾಸ್ತಿ. ಆ ಗೇಲಿಯನ್ನು ಅನುವಾದಿಸುವ ದಿನ ಬಂದರೆ ಆಗ ಇಟ್ಟುಕೊಳ್ಳಿ, ಭಲೇ ಹೊಂದುತ್ತೆ. ಈಗ ‘ಮಡಿದವರು’ ಸಾಕು.

———
ಮರು: ಕಲ್ಲಿನ ಮೇಲೆ ಏನಿದೆ?

ತುಂಬಾ ಉಪಕಾರ ಆಯ್ತು. ‘ಮಾರ್ಚ್‌ನಲ್ಲಿ ಮಡಿದವರ ಮಸಣ’ ಅಂತ ಕಳಿಸಿಬಿಟ್ಟೆ. ಮೂರು ‘ಮ’ ಬಂದದ್ದು ಸುಮ್ನೆ, ಪ್ರಾಸಕ್ಕಲ್ಲ. ಪೂರ್ತಿ ಹೆಸರನ್ನು ಕನ್ನಡ ಲಿಪಿಯಲ್ಲಿ ಪಕ್ಕದಲ್ಲಿ ಕೊಟ್ಟಿದ್ದೇನೆ.

———
ಮರು: ಮರು: ಕಲ್ಲಿನ ಮೇಲೆ ಏನಿದೆ?

‘ಮಸಣ’ ಎಂದರೂ ಸುಡುವ ಜಾಗವೇ. ನಾನು ಮೊದಲೇ ಹೇಳಿದ್ದೆ.

———
ಮರು: ಮರು: ಮರು:

ಮಸಣ ಸರಿಯಾಗಿದೆ. ಆದರೆ ‘ಮಾರ್ಚ್’ ಅಂತ ವ್ಯಂಜನಕ್ಕೆ ನಿಲ್ಲಿಸಿದ್ದು ಯಾಕಮ್ಮಾ? ಕನ್ನಡದ ಬಾಯಿಗೆ ಕೊನೆಯಲ್ಲೊಂದು ಸ್ವರ ಬೇಕು. ‘ಮಾರ್ಚಿ’ ಅನ್ನಬೇಕಿತ್ತು.

———
ಮರು: ಮರು: ಮರು: ಮರು:

ಸಾರ್, ಪುಟ ಹೋಗಿಯಾಯ್ತು.