ಎಸ್‌ಯು ಕಾರ್ಬ್ಯುರೇಟರ್ ಡ್ಯಾಶ್‌ಪಾಟ್‌ಗೆ ಯಾವ ಆಯಿಲ್?

ಪ್ರಶ್ನೆ: 1968ರ ಎಂಜಿಬಿ ಕಾರು, ಎಸ್‌ಯು ಕಂಪನಿಯ ಎಚ್‌ಎಸ್4 ಕಾರ್ಬ್ಯುರೇಟರ್ ಎರಡು. ಐಡ್ಲಿಂಗ್ ಚೆನ್ನಾಗಿದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ ಗಾಡಿ ಒಂದು ಕ್ಷಣ ಮುಗ್ಗರಿಸುತ್ತೆ, ಕಾರ್ಬ್ಯುರೇಟರ್ ಬಾಯಿಂದ ‘ಫಟ್’ ಅನ್ನುತ್ತೆ. ಡ್ಯಾಶ್‌ಪಾಟ್‌ನಲ್ಲಿ (ಕಾರ್ಬ್ಯುರೇಟರ್ ಮೇಲ್ಭಾಗದ ಎಣ್ಣೆ ಕೊಳವೆ) ಇರೋದು ಹೊಲಿಗೆ ಮಷಿನ್ ಎಣ್ಣೆ. ಎಂಜಿನ್ ಆಯಿಲ್ 20ಡಬ್ಲ್ಯು-50 ಹಾಕಬಹುದಾ?

ಉತ್ತರ: ಮಷಿನ್ ಎಣ್ಣೆ ತೀರಾ ತೆಳು ಸರ್. ಈ ಕಾರ್ಬ್ಯುರೇಟರಿಗೆ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ಇಲ್ಲ, ಆ ಕೆಲಸ ಡ್ಯಾಂಪರಿನದು, ಅಂದರೆ ಡ್ಯಾಶ್‌ಪಾಟ್ ಮುಚ್ಚಳದಿಂದ ಎಣ್ಣೆಯೊಳಗೆ ಇಳಿಯುವ ಕಡ್ಡಿಯದು. ಥ್ರಾಟಲ್ ತೆರೆದಾಗ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ಥಟ್ಟನೆ ಏಳದಂತೆ ಎಣ್ಣೆ ಹಿಡಿದುಕೊಳ್ಳುತ್ತೆ. ಅಷ್ಟು ಹೊತ್ತು ಪೆಟ್ರೋಲ್ ಬರುವ ತೂತಿನ (ಜೆಟ್) ಮೇಲೆ ಸೆಳೆತ ಹೆಚ್ಚಿ ಪೆಟ್ರೋಲ್ ಜಾಸ್ತಿ ಬರುತ್ತೆ. ಎಣ್ಣೆ ತೆಳುವಾದರೆ ಪಿಸ್ಟನ್ ಎದ್ದೇಬಿಡುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲದು. ಆ ‘ಫಟ್’ ಅದರದ್ದೇ.

ನನ್ನ ಆಯ್ಕೆ ಎಸ್‌ಎಇ 20 ದರ್ಜೆಯ ಆಯಿಲ್. 20ಡಬ್ಲ್ಯು-50 ಹಾಕಿದರೂ ಓಡುತ್ತೆ. ಆದರೆ ಅತಿ ಮಂದವಾದರೆ ಪಿಸ್ಟನ್ ಸೋಮಾರಿಯಾಗಿ ಏಳುತ್ತೆ: ಒತ್ತಿದಾಗ ಕಪ್ಪು ಹೊಗೆ, ಪಿಕಪ್ ಭಾರ. ಎರಡಕ್ಕೂ ಒಂದೇ ಎಣ್ಣೆ ಇರಲಿ, ಇಲ್ಲದಿದ್ದರೆ ಪಿಸ್ಟನ್‌ಗಳು ಒಂದೊಂದು ವೇಗದಲ್ಲಿ ಏಳುತ್ತವೆ.

ಹಳೆಯದನ್ನು ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಪೂರ್ತಿ ಎಳೆದು ತೆಗೆಯಿರಿ. ಹೊಸದನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಡ್ಯಾಂಪರ್ ಇಳಿಬಿಟ್ಟು ನೋಡಿ. ಮುಚ್ಚಳ ಕೂರೋಕೆ ಇನ್ನೂ ಸುಮಾರು 6 ಮಿ.ಮೀ. ಇರುವಾಗಲೇ ತಡೆ ಕೈಗೆ ಸಿಗಬೇಕು. ಹೆಚ್ಚಾದದ್ದು ಎಂಜಿನ್‌ಗೆ ಹೋಗಿ ಉರಿಯುತ್ತೆ, ಅದಕ್ಕೆ ಹೆದರಬೇಡಿ.

ಪ್ರಶ್ನೆ: ಎಣ್ಣೆ ಬದಲಿಸಿದ ಮೇಲೆ ಮಿಕ್ಸ್ಚರ್ ಮತ್ತೆ ಸೆಟ್ ಮಾಡಬೇಕಾ?

ಉತ್ತರ: ಬೇಡ. ಒಂದೇ ವೇಗದಲ್ಲಿ ಓಡುವಾಗ ಎಣ್ಣೆಗೆ ಕೆಲಸವೇ ಇಲ್ಲ. ಎಣ್ಣೆ ದಪ್ಪ ಮಾಡಿ ಲೀನ್ ಮಿಕ್ಸ್ಚರ್ ಮುಚ್ಚಿಡೋದು ಮಾತ್ರ ಬೇಡ.

ಮತ್ತೊಬ್ಬರ ಉತ್ತರ: ಎಣ್ಣೆಗೂ ಮುಂಚೆ ಒಂದು ಪರೀಕ್ಷೆ. ಎಂಜಿನ್ ನಿಲ್ಲಿಸಿ, ಡ್ಯಾಂಪರ್ ತೆಗೆದು ಪಿಸ್ಟನ್ ಎತ್ತಿ ಬಿಡಿ. ‘ಟಕ್’ ಅಂತ ಕೆಳಗೆ ಬಡಿಯಬೇಕು. ತಡವರಿಸಿದರೆ ಜೆಟ್ ಮಧ್ಯಕ್ಕೆ ಕೂತಿಲ್ಲ, ಇಲ್ಲವೇ ಚೇಂಬರ್‌ನಲ್ಲಿ (ಪಿಸ್ಟನ್ ಏಳುವ ಮೇಲಿನ ಡಬ್ಬಿ) ಕೊಳೆ. ಚೇಂಬರ್ ಒಳಗೋಡೆ ಒರೆಸಿ ಒಣಗಿಸಿ. ಅಲ್ಲಿಗೆ ಎಣ್ಣೆ ಸವರಬೇಡಿ, ಪಿಸ್ಟನ್ ರಾಡ್‌ಗೆ ಮಾತ್ರ ಒಂದೆರಡು ಹನಿ. ಚೇಂಬರ್, ಪಿಸ್ಟನ್ ಜೋಡಿ ಅದಲುಬದಲಾಗಬಾರದು.

ಹೊಸ ಎಣ್ಣೆಯಲ್ಲೂ ‘ಫಟ್’ ನಿಲ್ಲದಿದ್ದರೆ, ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪಿಸ್ಟನ್ 1 ಮಿ.ಮೀ.ಗಿಂತ ತುಸು ಕಡಿಮೆ ಎತ್ತಿ. ಎಂಜಿನ್ ಆಫ್ ಆಗೋ ಹಾಗಾದರೆ ಲೀನ್: ಜೆಟ್ ಕೆಳಗಿನ ಆರು ಮುಖದ ನಟ್ ಒಂದು ಮುಖದಷ್ಟು ಕೆಳಕ್ಕೆ ತಿರುಗಿಸಿ ಮತ್ತೆ ನೋಡಿ.