ಇಂಟರ್ವ್ಯೂಲಿ "ನಿನ್ನ ಸ್ಟ್ರೆಂತ್ ಏನು" ಅಂದ್ರೆ ಏನ್ ಹೇಳ್ಬೇಕು? (ಡಿಪ್ಲೊಮಾ ಫ್ರೆಶರ್, ಶಿಡ್ಲಘಟ್ಟ ಕಡೆ)

ಶಿಡ್ಲಘಟ್ಟ_ಮೆಕ್:
ಎಲ್ರಿಗೂ ನಮಸ್ಕಾರ. ಡಿಪ್ಲೊಮಾ ಮೆಕ್ಯಾನಿಕಲ್ ಮುಗ್ಸಿದೀನಿ, ಶಿಡ್ಲಘಟ್ಟ ಹತ್ರ ಹಳ್ಳಿ. ಮುಂದಿನ ವಾರ ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ವಾಲಿಟಿ ಟ್ರೈನಿ ಪೋಸ್ಟಿಗೆ ಇಂಟರ್ವ್ಯೂ ಐತೆ. ಟೆಕ್ನಿಕಲ್ ಭಯ ಇಲ್ಲ, ವರ್ನಿಯರ್ ಲೀಸ್ಟ್ ಕೌಂಟ್ (ಅಳೆಯೋಕ್ ಆಗೋ ಅತಿ ಚಿಕ್ಕ ಅಳತೆ) 0.02 ಎಂಎಂ, ಮೈಕ್ರೋಮೀಟರ್ 0.01, 5ಎಸ್ (ಕೆಲ್ಸದ ಜಾಗ ಅಚ್ಚುಕಟ್ಟಾಗಿ ಇಡೋ ಪದ್ಧತಿ) ಅಂದ್ರೇನು ಎಲ್ಲ ಓದ್ಕೊಂಡಿದೀನಿ. ಆದ್ರೆ ಎಚ್‌ಆರ್ ಅವ್ರು ಸ್ಟ್ರೆಂತ್ ಏನು ಅಂದ್ರೆ ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್ ಅನ್ನೋದು ಬಿಟ್ಟು ಬೇರೆ ಏನೂ ಬಾಯಿಗೆ ಬರಲ್ಲ, ಒಂದು ಎಕ್ಸಾಂಪಲ್ ಕೊಡಿ ಅಂದ್ರೆ ಅಲ್ಲಿಗೆ ನಿಂತೋಗುತ್ತೆ. ಫ್ರೆಶರ್‌ಗೆ ಎಕ್ಸಾಂಪಲ್ ಎಲ್ಲಿಂದ ಬರ್ಬೇಕು ಹೇಳಿ. ಇಂಟರ್ನ್‌ಶಿಪ್ ಇಲ್ಲ, ಮನೇಲಿ ರೇಷ್ಮೆ ಹುಳ ಮೇಯಿಸ್ತೀವಿ, ರಜಾ ಬಂದ್ರೆ ಅದೇ ಕೆಲ್ಸ. ಮನೇಲಿ ತೆಲುಗು ಮಾತಾಡೋದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾರಾದ್ರು ಅಣ್ಣಂದ್ರು ಅಕ್ಕಂದ್ರು ದಾರಿ ತೋರ್ಸಿ.

ಮಾಲೂರು_ಕ್ಯೂಎ:
ತಮ್ಮಾ, ನಾನು ಮಾಲೂರಲ್ಲಿ ಕ್ವಾಲಿಟಿಲೇ ಇರೋದು, ಟ್ರೈನಿ ಇಂಟರ್ವ್ಯೂಗಳಲ್ಲಿ ಕೂತಿದೀನಿ. ಹಾರ್ಡ್ ವರ್ಕಿಂಗ್ ಅಂತ ಬರೋರೆಲ್ಲ ಹೇಳ್ತಾರೆ, ಕೇಳೋರ ಕಿವಿಗೆ ಅದು ಬೀಳೋದೇ ಇಲ್ಲ. ನೀನು ಇಂಟರ್ನ್‌ಶಿಪ್ ಇಲ್ಲ ಅಂತ ಬೇಜಾರ್ ಮಾಡ್ಕೊಂಡು ಹುಳ ಮೇಯ್ಸೋದನ್ನ ಒಂದೇ ಸಾಲಲ್ಲಿ ಹೇಳಿ ಮುಗಿಸ್ಬಿಟ್ಯಲ್ಲ, ನನಗೆ ಬೇಕಾಗಿದ್ದೇ ಅದು.

ಕೂತ್ಕೊಂಡು ಯೋಚ್ನೆ ಮಾಡು, ಹುಳದ ಮನೇಲಿ ನೀವು ಮಾಡೋದೇನು? ಚಾಕಿ ಹುಳಕ್ಕೆ, ಅಂದ್ರೆ ಮೊದಲೆರಡು ಹಂತದ ಎಳೇ ಹುಳಕ್ಕೆ, 27-28 ಡಿಗ್ರಿ ಶಾಖ ಬೇಕು, ದೊಡ್ಡ ಹುಳಕ್ಕೆ 24-25 ಸಾಕು, ತೇವಾಂಶನೂ ಹಂಗೇ, ಚಾಕಿಲಿ ಶೇಕಡ 85ರ ಮೇಲಿದ್ದದ್ದು ಕೊನೇ ಹಂತಕ್ಕೆ 70-75ಕ್ಕೆ ಇಳೀಬೇಕು. ಇದಕ್ಕೆ ನಮ್ಮ ಕಡೆ ಪ್ರೊಸೆಸ್ ಕಂಟ್ರೋಲ್ ಅಂತೀವಿ. ಹುಳ ತರೋಕ್ ಮುಂಚೆ ಮನೆ ತೊಳ್ದು ಬ್ಲೀಚಿಂಗ್ ಪೌಡರ್ ಹೊಡೀತೀರ, ಹುಳದ ಮೇಲೆ ಮೊಟ್ಟೆ ಇಟ್ಟು ಸಾಯ್ಸೋ ಊಜಿ ನೊಣ ಬರ್ದಂಗೆ ಕಿಟಕಿಗೆ ನೈಲಾನ್ ಬಲೆ ಕಟ್ತೀರ. ಅದು ಡಿಫೆಕ್ಟ್ ಆದ್ಮೇಲೆ ಹಿಡಿಯೋದಲ್ಲ, ಆಗ್ದಂಗೆ ತಡಿಯೋದು. ಈ ವ್ಯತ್ಯಾಸ ಓದಿರೋರು ತುಂಬ ಜನ ಸಿಗ್ತಾರೆ, ಕೈಯಾರೆ ಮಾಡಿರೋರು ಕಮ್ಮಿ. ಗೂಡು ಬಿಡಿಸಿದ್ಮೇಲೆ ಡಬಲ್ ಗೂಡು, ಕಲೆ ಗೂಡು, ತೆಳು ಗೂಡು ಬೇರೆ ಬೇರೆ ಮಾಡಿ ತಾನೆ ಮಾರ್ಕೆಟ್ಟಿಗೆ ಹಾಕೋದು? ಅದು ಇನ್‌ಸ್ಪೆಕ್ಷನ್. ಮಾರ್ಕೆಟ್ಟಲ್ಲಿ ರೀಲರ್ (ಗೂಡಿಂದ ನೂಲು ತೆಗೆಯೋನು) ಬಂದು ಗೂಡು ಕೈಯಲ್ಲಿ ಹಿಡ್ದು ನೋಡ್ತಾನಲ್ಲ, ಅವನೇ ಕಸ್ಟಮರ್. ಒಂದು ಕೆಜಿ ರೇಷ್ಮೆ ನೂಲಿಗೆ ಎಷ್ಟು ಕೆಜಿ ಗೂಡು ಹಿಡಿಯುತ್ತೆ ಅನ್ನೋ ರೆಂಡಿಟ್ಟ ಲೆಕ್ಕದ ಮೇಲೇ ಅವನು ರೇಟ್ ಹಾಕೋದು, ನಾವು ಫ್ಯಾಕ್ಟರಿಲಿ ಯೀಲ್ಡ್ (ಹಾಕಿದ ಮಾಲಿಗೆ ಎಷ್ಟು ಒಳ್ಳೇ ಮಾಲು ಬಂತು) ಅಂತ ತಲೆ ಕೆಡಿಸ್ಕೊಳ್ಳೋದೂ ಅದಕ್ಕೇನೆ.

ಹಂಗಂತ ಪೂರ್ತಿ ರೇಷ್ಮೆ ಪಾಠ ಮಾಡ್ಬೇಡ. ಒಂದೇ ಒಂದು ಘಟನೆ ತಗೋ. ಏನ್ ತೊಂದ್ರೆ ಇತ್ತು, ನೀನ್ ಏನ್ ಮಾಡ್ದೆ, ಏನ್ ಬದಲಾಯ್ತು. ಒಂದೂವರೆ ನಿಮಿಷ ಸಾಕು. "ನಾವು" ಅಂತ ಹೇಳ್ಬೇಡ, ನಿಮ್ಮಪ್ಪ ಮಾಡಿದ್ದು ಯಾವ್ದು ನೀನು ಮಾಡಿದ್ದು ಯಾವ್ದು ಅಂತ ನಾವು ಕೆದಕಿ ಕೇಳ್ತೀವಿ, ಮಾಡ್ದಿರೋದು ಹೇಳಿದ್ರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತೆ.

ಗೌರಿಬಿದನೂರು_ಶಿಫ್ಟ್:
ಕ್ಯೂಎ ಅಣ್ಣ ಹೇಳಿದ್ದು ಚೆನ್ನಾಗೈತೆ ಆದ್ರೆ ಒಂದು ಡೌಟು. ಹುಳದ ವಿಷ್ಯ ಎತ್ತಿದ್ರೆ ಇವನು ಬೆಳೆ ಬಂದಾಗೆಲ್ಲ ರಜಾ ಹಾಕಿ ಊರಿಗೆ ಓಡ್ತಾನೆ ಅಂದ್ಕೊಳ್ಳಲ್ವಾ ಎಚ್‌ಆರು? ನಮ್ಮ ಲೈನಲ್ಲಿ ಹಳ್ಳಿ ಹುಡುಗ್ರಿಗೆ ಈ ಪ್ರಶ್ನೆ ಬಂದೇ ಬರುತ್ತೆ.

ಮಾಲೂರು_ಕ್ಯೂಎ:
ಸರಿಯಾದ ಮಾತು. ಅವ್ರು ಕೇಳೋಕ್ ಮುಂಚೆ ನೀನೇ ಹೇಳ್ಬಿಡು, ಈಗ ಮನೇಲಿ ಯಾರು ನೋಡ್ಕೋತಾರೆ, ನೈಟ್ ಶಿಫ್ಟ್ ಆಗುತ್ತಾ, ಎಲ್ಲಿ ಉಳ್ಕೋತೀಯ ಅಂತ. ಶಿಡ್ಲಘಟ್ಟದಿಂದ ನರಸಾಪುರಕ್ಕೆ ದಿನಾ ಓಡಾಡ್ತೀನಿ ಅಂದ್ರೆ ನಂಬೋದು ಕಷ್ಟ, ಕೋಲಾರದಲ್ಲೋ ನರಸಾಪುರದಲ್ಲೋ ರೂಮ್ ವಿಚಾರ್ಸಿದೀನಿ ಅನ್ನು, ನಿಜವಾಗ್ಲೂ ವಿಚಾರ್ಸಿಟ್ಕೊಂಡು ಹೋಗು.

ತುಮಕೂರು_ಮೇಡಂ:
ನಾನು ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳೋಳು. ಇಂಗ್ಲಿಷ್ ಬಗ್ಗೆ ಹೇಳ್ತೀನಿ ಕೇಳಪ್ಪ. ನಮ್ಮ ತುಮಕೂರು ಹತ್ರದ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಕಂಪ್ನಿಗಳಿಗೆ ನಮ್ಮ ಮಕ್ಕಳನ್ನ ಕಳಿಸ್ತೀವಲ್ಲ, ಯೂಟ್ಯೂಬ್ ನೋಡಿ ಬಾಯಿಪಾಠ ಮಾಡ್ಕೊಂಡು ಹೋದೋರು ನಡುವೆ ಒಂದು ಪದ ಮರೆತ್ರೆ ಪೂರ್ತಿ ಮರೀತಾರೆ. ಮೊದ್ಲು ಕನ್ನಡದಲ್ಲೇ ಆ ಘಟನೆ ಜೋರಾಗಿ ಹೇಳು, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳು, ಆಮೇಲೆ ಚಿಕ್ಕ ಚಿಕ್ಕ ವಾಕ್ಯದ ಇಂಗ್ಲಿಷಿಗೆ ತಗೊಂಡ್ಬಾ. ಸಿಕ್ಕಾಕ್ಕೊಂಡ್ರೆ "ಸರ್, ಇದನ್ನ ಕನ್ನಡದಲ್ಲಿ ಹೇಳ್ಲಾ" ಅಂತ ಕೇಳು, ಟ್ರೈನಿ ಪೋಸ್ಟಿಗೆ ತುಂಬ ಜನ ಹೂಂ ಅಂತಾರೆ. ತೆಲುಗು ಬರುತ್ತೆ ಅನ್ನೋದನ್ನ ರೆಸ್ಯೂಮೆಲಿ ಹಾಕಿದೀಯಾ? ಕೋಲಾರದ ಕಡೆ ಫ್ಯಾಕ್ಟರಿಲಿ ಆಂಧ್ರ, ತಮಿಳುನಾಡು, ಉತ್ತರದ ಹುಡುಗ್ರು ಎಲ್ಲ ಇರ್ತಾರೆ, ಆಪರೇಟರ್ ಹತ್ರ ಹೋಗಿ ಅವನ ಭಾಷೇಲಿ ಏನಾಯ್ತು ಅಂತ ಕೇಳೋಕ್ ಬರೋ ಕ್ವಾಲಿಟಿ ಹುಡುಗ ಅವ್ರಿಗೆ ಬೇಕು.

ಇನ್ನೊಂದು, ವೀಕ್‌ನೆಸ್ ಕೇಳಿದ್ರೆ "ಐ ಆಮ್ ಪರ್ಫೆಕ್ಷನಿಸ್ಟ್" ಅಂತ ಮಾತ್ರ ಹೇಳ್ಬೇಡ ದಯವಿಟ್ಟು. ಇಂಗ್ಲಿಷ್ ಸರಾಗ ಇಲ್ಲ, ದಿನಾ ಇಷ್ಟು ಪ್ರಾಕ್ಟೀಸ್ ಮಾಡ್ತಿದೀನಿ ಅನ್ನು, ಅದು ನಿಜ ತಾನೆ.

ಶಿಡ್ಲಘಟ್ಟ_ಮೆಕ್:
ಅಣ್ಣ ಮೇಡಂ ತುಂಬ ಥ್ಯಾಂಕ್ಸ್, ಹಿಂಗೆ ಯೋಚ್ನೆನೇ ಮಾಡಿರ್ಲಿಲ್ಲ. ಹೋದ್ ಬೇಸಿಗೇಲಿ ಕೊನೇ ಹಂತದಲ್ಲಿ ಶಾಖ ಜಾಸ್ತಿ ಆಗಿ ಹುಳ ಸೊಪ್ಪು ಸರಿಯಾಗಿ ತಿಂತಿರ್ಲಿಲ್ಲ. ಅಪ್ಪ ಅಂದಾಜಲ್ಲೇ ನೋಡೋರು. ನಾನು ಥರ್ಮಾಮೀಟರ್ ತಂದು ಬಾಗ್ಲ ಹತ್ರ ಒಂದು, ಒಳಗಡೆ ಮೂಲೇಲಿ ಒಂದು ಹಾಕಿ ಮೂರು ಹೊತ್ತು ಪುಸ್ತಕದಲ್ಲಿ ಬರೆದೆ, ಪಶ್ಚಿಮದ ಗೋಡೆ ಪಕ್ಕದ ತಟ್ಟೆ ಮಾತ್ರ ಮಧ್ಯಾಹ್ನ ಕಾಯ್ತಿತ್ತು ಅಂತ ಗೊತ್ತಾಯ್ತು, ಆ ಕಡೆ ಒದ್ದೆ ಗೋಣಿಚೀಲ ಕಟ್ಟಿದ್ವಿ, ಆಮೇಲೆ ಸರಿಹೋಯ್ತು. ಹಿಂಗೆ ಹೇಳ್ಬೋದಾ?

ಮಾಲೂರು_ಕ್ಯೂಎ:
ಇದನ್ನೇ ಹೇಳು. "ಕಟ್ಟಿದ್ವಿ" ಅಂದ್ಯಲ್ಲ, ಕಟ್ಟೋಣ ಅಂದಿದ್ದು ನೀನಾದ್ರೆ ಹಂಗೇ ಹೇಳು. "ಸರಿಹೋಯ್ತು" ಅಂತ ಬಿಟ್ಬಿಡ್ಬೇಡ, ಕಟ್ಟಿದ್ಮೇಲೆ ಎಷ್ಟು ಡಿಗ್ರಿ ಇಳೀತು ಅಂತ ಪುಸ್ತಕ ನೋಡಿ ಬರ್ಕೋ, ಪುಸ್ತಕ ಇದ್ರೆ ಫೈಲ್ ಜೊತೆ ತಗೊಂಡ್ಹೋಗು, ಕೇಳಿದ್ರೆ ತೆಗ್ದು ತೋರ್ಸು.