ವಿಮಾನ ಮುಂದೆ, ದುಡ್ಡು ಹಿಂದೆ

ಭಾನುವಾರ ರಾತ್ರಿ ನಮ್ಮ ಡಾರ್ಮಿನ, ಅಂದರೆ ಹಾಸ್ಟೆಲಿನ, ನೆಲಮಾಳಿಗೆಯ ಲಾಂಡ್ರಿ ರೂಮೇ ನಮಗೆ ಜಗಲಿಕಟ್ಟೆ. ಯಂತ್ರ ತಿರುಗುವಷ್ಟು ಹೊತ್ತು ಬಾಯಿಗೂ ಬಿಡುವಿಲ್ಲ. ಈ ಅಮೆರಿಕದ ಕಾಲೇಜಿನಲ್ಲಿ ಕನ್ನಡ ಬರುವವರು ಮೂರೇ ಜನ. ಮೂವರ ಬಟ್ಟೆಯೂ ಒಂದೇ ದಿನ ಕೊಳೆಯಾಗುತ್ತದೆ.

ಅವತ್ತು ಗುಂಡ ಓಡೋಡಿ ಬಂದ. ಒಂದು ವಾರದ ಪ್ಯಾಂಟುಗಳನ್ನೆಲ್ಲ ಹಾಗ್ಹಾಗೇ ಯಂತ್ರಕ್ಕೆ ತುರುಕಿ, ಬಟನ್ ಒತ್ತಿ, ಅದರ ಮೇಲೇ ಹತ್ತಿ ಕೂತ.

"ಮುಂದಿನ ಸೆಮಿಸ್ಟರ್ ನಾನು ಇಟಲೀಲಿ ಓದ್ತೀನಿ."

"ದುಡ್ಡು?" ಎಂದೆ.

"ಅದೊಂದು ಇಲ್ಲ."

ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪುಟ್ಟಿ ಇದ್ದಳು. ಅವಳು ಹೋದ ವರ್ಷ ಸ್ಪೇನಿನಲ್ಲಿ ಒಂದು ಸೆಮಿಸ್ಟರ್ ಓದಿ ಬಂದವಳು. ಅಂದಿನಿಂದ ಮಳೆಯ ಬಗ್ಗೆ ಮಾತು ತೆಗೆದರೂ ಅದು ಸ್ಪೇನಿಗೇ ಹೋಗಿ ನಿಲ್ಲುತ್ತದೆ. ಅವತ್ತು ಮಾತ್ರ ಅದರಿಂದ ಉಪಯೋಗ ಆಯಿತು.

"ನಿನಗೆ ಪೆಲ್ ಗ್ರಾಂಟ್, ಅದೇ ದುಡ್ಡಿಲ್ಲದೋರು ಓದೋಕೆ ಸರ್ಕಾರ ಕೊಡೋ ಹಣ, ಬರುತ್ತೆ ಅಲ್ವೇನೋ?"

"ಬರುತ್ತೆ. ಆದ್ರೆ ಅದು ಇಲ್ಲಿ ಓದೋದಕ್ಕೆ ತಾನೆ?"

"ಯಾರು ಹೇಳಿದ್ದು? ಅಲ್ಲಿ ಓದಿದ್ದಕ್ಕೆ ನಮ್ಮ ಕಾಲೇಜು ಕ್ರೆಡಿಟ್ ಕೊಡೋದಾದ್ರೆ ಸರ್ಕಾರದ ಏಡ್, ಗ್ರಾಂಟು ಲೋನು ಎರಡೂ, ನಿನ್ನ ಜೊತೆಗೇ ಬರುತ್ತೆ ಕಣೋ. 1992ರಲ್ಲೇ ಕಾನೂನಿಗೆ ಸೇರಿಸಿದ್ದಾರೆ. ಆ ಕೋರ್ಸು ನಿನ್ನ ಡಿಗ್ರಿಗೆ ಕಡ್ಡಾಯ ಆಗಿರಬೇಕು ಅಂತಾನೂ ಇಲ್ಲ."

ಗುಂಡ ಯಂತ್ರದ ಮೇಲಿಂದ ಇಳಿದೇಬಿಟ್ಟ. "ಹಾಗಾದ್ರೆ ಸರ್ಕಾರದ ಖರ್ಚಲ್ಲಿ ಇಟಲಿ!"

"ಸ್ವಲ್ಪ ಸರ್ಕಾರದ ಖರ್ಚು, ಜಾಸ್ತಿ ನಿನ್ನ ಸಾಲ. 2025–26ಕ್ಕೆ ಪೆಲ್ ಎಷ್ಟೇ ಜಾಸ್ತಿ ಅಂದ್ರೂ 7,395 ಡಾಲರ್. ಒಂದು ಸೆಮಿಸ್ಟರಿಗೆ ಅದರಲ್ಲಿ ಅರ್ಧ. ಇನ್ನು ಸ್ಟೂಡೆಂಟ್ ಲೋನು. ಮೂರನೇ ವರ್ಷದವನು ನೀನು, ಅಪ್ಪ ಅಮ್ಮನ ಲೆಕ್ಕದಲ್ಲೇ ಇದ್ದೀಯ, ವರ್ಷಕ್ಕೆ 7,500ರ ಮೇಲೆ ಹುಟ್ಟಲ್ಲ. ಅದರಲ್ಲಿ 5,500ರವರೆಗೆ ಮಾತ್ರ ಓದೋವಾಗ ಬಡ್ಡಿ ಸರ್ಕಾರದ್ದು."

ಪುಟ್ಟಿಯ ನೆನಪಿನಲ್ಲಿ ಅಂಕಿಗಳು ಹೀಗೆ ಸಾಲಾಗಿ ನಿಂತಿರುವುದು ನೋಡಿದರೆ ನನಗೆ ಭಯವಾಗುತ್ತದೆ. ನನ್ನ ಕೋಣೆಯ ನಂಬರೇ ನನಗೆ ಒಮ್ಮೊಮ್ಮೆ ಮರೆಯುತ್ತದೆ.

"ಇಟಲಿ ಇಲ್ಲಿಗಿಂತ ದುಬಾರಿ ಆದ್ರೆ?" ನಾನು ಕೇಳಿದೆ.

"ಅದಕ್ಕೇ ಏಡ್ ಆಫೀಸಿಗೆ ಹೋಗಿ ಬಜೆಟ್ ತಿದ್ದಿಸಬೇಕು. ವಿಮಾನ, ವೀಸಾ, ಇನ್ಶೂರೆನ್ಸ್, ಬಾಡಿಗೆ, ಎಲ್ಲ ಬರೆದುಕೊಂಡು ಹೋದ್ರೆ ಲೆಕ್ಕಕ್ಕೆ ಸೇರಿಸ್ತಾರೆ."

ಗುಂಡ ಫೋನು ತೆಗೆದ. ಪಟ್ಟಿ ಆಗಲೇ ತಯಾರಾಗಿತ್ತು. ಇಣುಕಿ ನೋಡಿದೆ. ಊಟಕ್ಕೆ ತಿಂಗಳಿಗೆ 60 ಡಾಲರ್. ಅದರ ಕೆಳಗೇ 'ಸ್ಥಳೀಯ ಸಾರಿಗೆ: ಗೊಂಡೋಲಾ, ಅರ್ಧ ಗಂಟೆಗೆ 90 ಯೂರೋ, ವಾರಕ್ಕೊಮ್ಮೆ.'

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು ಪುಟ್ಟಿ. "ನಿನ್ನ ಕಾಲೇಜು ಇರೋದು ಫ್ಲಾರೆನ್ಸಲ್ಲಿ. ಗೊಂಡೋಲಾ ಇರೋದು ವೆನಿಸಲ್ಲಿ."

"ವೀಕೆಂಡಿಗೆ ಹೋಗ್ತೀನಲ್ಲ!"

"ಹೋಗು. ಏಡ್ ಆಫೀಸಿಗೆ ಮಾತ್ರ ತೋರಿಸಬೇಡ."

ಇಲ್ಲಿಂದ ಪುಟ್ಟಿಯ ದನಿ ಬದಲಾಯಿತು. "ಏಡ್ ಸಿಗೋದು ಕಷ್ಟ ಅಲ್ಲ ಕಣೋ. ಅದು ಯಾವಾಗ ಸಿಗುತ್ತೆ ಅನ್ನೋದೇ ಕಥೆ. ಬೇಗ ಅಂದ್ರೂ ಕ್ಲಾಸು ಶುರುವಾಗೋ ದಿನಕ್ಕೆ 10 ದಿನ ಮುಂಚೆ ಆ ದುಡ್ಡು ಹೊರಗೆ ಬರುತ್ತೆ, ಅದಕ್ಕಿಂತ ಮೊದಲು ಇಲ್ಲ. ವಿಮಾನದ ಟಿಕೆಟ್ಟು, ಪ್ರೋಗ್ರಾಮಿನ ಡೆಪಾಸಿಟ್ಟು, ವೀಸಾ ಫೀಸು ಎಲ್ಲಾ ತಿಂಗಳುಗಟ್ಟಲೆ ಮುಂಚೆ ಕಟ್ಟಿರಬೇಕು. ನಾನು ಅಕ್ಕನ ಹತ್ತಿರ ಸಾಲ ತಗೊಂಡಿದ್ದೆ."

"ಆಮೇಲೆ ಬಂತಲ್ಲ?"

"ಬಂತು. ಎಲ್ಲಿಗೆ ಬಂತು ಕೇಳು. ಮೊದಲು ಕಾಲೇಜಿನ ಅಕೌಂಟಿಗೆ ಹೋಗುತ್ತೆ. ಅವರು ಫೀಸು ಹಿಡ್ಕೊಂಡು, ಉಳಿದದ್ದನ್ನ 14 ದಿನದೊಳಗೆ ನಮಗೆ ಕೊಡಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಮ್ಮ ಪೂಜಾರಿ ಪಾಪ ಕೊಟ್ಟ. ಚೆಕ್ ಬರೆದು ಅಂಚೆಯಲ್ಲಿ ಕಳಿಸಿದ. ಈ ಡಾರ್ಮಿನ ವಿಳಾಸಕ್ಕೆ!"

"ನೀನು?"

"ನಾನು ಸ್ಪೇನಿನಲ್ಲಿ. ಚೆಕ್ಕು ಇಲ್ಲಿ, ಮೇಲಿನ ಅಂಚೆಪೆಟ್ಟಿಗೆಯಲ್ಲಿ, ಪಿಜ್ಜಾ ಜಾಹೀರಾತಿನ ಕೆಳಗೆ. ಮೂರು ವಾರ ದಿನಾ ಆಲೂಗಡ್ಡೆ ಆಮ್ಲೆಟ್ಟು, ಬ್ರೆಡ್ಡು. ಅದಕ್ಕೆ ಅವರು ತೊರ್ತಿಯಾ ಅಂತಾರೆ. ಈಗ ಆ ಹೆಸರು ಕೇಳಿದ್ರೆ ಹೊಟ್ಟೆ ತೊಳಸುತ್ತೆ. ಡೈರೆಕ್ಟ್ ಡೆಪಾಸಿಟ್ಟಿಗೆ ಬರೆದುಕೊಡಿ ಅಂತ ಬಂದ ಇಮೇಲನ್ನ ನಾನು ಓದಿರಲಿಲ್ಲ, ಅದು ಬೇರೆ ಮಾತು."

ಅದು ಬೇರೆ ಮಾತಲ್ಲ, ಅದೇ ಮಾತು. ಹೇಳಲಿಲ್ಲ.

ಗುಂಡ ಸ್ವಲ್ಪ ಬಾಡಿದ. "ಲೈಬ್ರರಿ ಕೆಲಸದ ವರ್ಕ್-ಸ್ಟಡಿ ದುಡ್ಡಾದ್ರೂ ಬರುತ್ತಾ?"

"ನೀನು ಇಟಲೀಲಿದ್ರೆ ಇಲ್ಲಿ ಪುಸ್ತಕ ಜೋಡಿಸೋರು ಯಾರು? ಅದನ್ನ ಮರೆತುಬಿಡು. ಗಿಲ್ಮನ್‌ಗೆ ಅರ್ಜಿ ಹಾಕು. ಪೆಲ್ ಇದ್ದೋರಿಗೇ ಇರೋ ಸ್ಕಾಲರ್‌ಶಿಪ್ಪು, 5,000 ಡಾಲರ್‌ವರೆಗೆ ಕೊಡ್ತಾರೆ. ತೀರಿಸಬೇಕಾಗಿಲ್ಲ. ಅರಬ್ಬಿ, ಚೀನೀ, ರಷ್ಯನ್ ಥರದ ಭಾಷೆ ಕಲಿಯೋಕೆ ಹೋದ್ರೆ ಇನ್ನೂ 3,000ದವರೆಗೆ."

"ಇಟಾಲಿಯನ್?"

"ಇಲ್ಲ."

"ಬೇರೆ ಯಾವುದಾದ್ರೂ?"

"ಬೋರೆನ್ ಅಂತ ಇದೆ, 25,000ದವರೆಗೆ. ಆದ್ರೆ ಪಶ್ಚಿಮ ಯುರೋಪಿಗೆ ಕೊಡಲ್ಲ. ಓದು ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಸರ್ಕಾರಿ ಕೆಲಸ ಬೇರೆ ಮಾಡಬೇಕು."

ಗುಂಡ ಎರಡು ನಿಮಿಷ ರಷ್ಯನ್ ಕಲಿಯುವ ಯೋಚನೆ ಮಾಡಿದ. ಮುಖದಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಚಳಿ ನೆನಪಾಗಿರಬೇಕು, ತಲೆ ಕೊಡವಿದ.

"ಸರಿ, ಗಿಲ್ಮನ್. ಎರಡೇ ಕೋರ್ಸ್ ತಗೊಂಡು, ಉಳಿದ ಹೊತ್ತೆಲ್ಲ ಅರ್ಜಿಯ ಪ್ರಬಂಧದಲ್ಲಿ ಬರೆಯೋ ಹಾಗೆ ಸಂಸ್ಕೃತಿ ನೋಡ್ತೀನಿ."

"12 ಕ್ರೆಡಿಟ್ ಇಲ್ಲದಿದ್ರೆ ಫುಲ್-ಟೈಮ್ ಅಲ್ಲ, ಪೆಲ್ಲೂ ಇಳಿಯುತ್ತೆ. ಅರ್ಧಕ್ಕಿಂತ ಕೆಳಗೆ ಹೋದ್ರೆ ಲೋನೇ ಕೊಡಲ್ಲ. ಸಂಸ್ಕೃತಿ ಭಾನುವಾರ ನೋಡು" ಎಂದ ಪುಟ್ಟಿ, ಏನೋ ನೆನಪಾಗಿ ಕೇಳಿದಳು. "ಅಲ್ಲಿ ಓದೋ ಕೋರ್ಸಿಗೆಲ್ಲ ಇಲ್ಲಿ ಕ್ರೆಡಿಟ್ ಕೊಡ್ತೀವಿ ಅಂತ ಅಡ್ವೈಸರ್ ಸಹಿ ಮಾಡಿದ ಫಾರಂ ಬೇಕು. ಅದಿಲ್ಲದೆ ಯಾವ ಏಡೂ ಅಲ್ಲಾಡಲ್ಲ. ಮಾಡಿಸಿದ್ದೀಯಾ?"

"ಓ, ಶುಕ್ರವಾರಾನೇ! ಮೂರು ವಾರ ಬೆನ್ನುಬಿದ್ದು ನಾಲ್ಕು ಜನರ ಹತ್ತಿರ ಸಹಿ ಹಾಕಿಸಿದ್ದೀನಿ. ಕಳೆದುಹೋಗಬಾರದು ಅಂತ ನಾಲ್ಕಾಗಿ ಮಡಚಿ ಪ್ಯಾಂಟಿನ ಜೇಬಲ್ಲೇ…"

ಮೂವರೂ ಯಂತ್ರದ ಕಡೆ ತಿರುಗಿದೆವು. ಗಾಜಿನ ಹಿಂದೆ ನೊರೆ ನಿಧಾನವಾಗಿ ಸುತ್ತುತ್ತಿತ್ತು. ಇನ್ನೂ 19 ನಿಮಿಷ ಅಂತ ತೋರಿಸುತ್ತಿತ್ತು.